"ಪ್ಯಾಚಸ್ ವೆಲ್‌ಕಮ್" ಅಂದ್ರೆ ಏನ್ರೀ ಅರ್ಥ? ಡಿಟಿಪಿ ಅಂಗಡಿಯವನ ತಕರಾರು

ದಾವಣಗೆರೆ_ಡಿಟಿಪಿ · ಶನಿವಾರ ರಾತ್ರಿ 9:14

ಎಲ್ಲರಿಗೂ ನಮಸ್ಕಾರ. ನಾನು ಪ್ರೋಗ್ರಾಮರ್ ಅಲ್ಲ. 22 ವರ್ಷದಿಂದ ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ಲಗ್ನಪತ್ರಿಕೆ, ಕರಪತ್ರ, ಬಿಲ್ ಬುಕ್, ಇಂಥ ಕೆಲಸ.

ಹೋದ ತಿಂಗಳು ನಮ್ಮ ಕಡೆಯ ಒಂದು ಹೈಸ್ಕೂಲಿನವರು ಬಂದರು. ಶಾಲೆಗೆ ಐವತ್ತು ವರ್ಷ ತುಂಬಿದಾಗ ತಂದ ಸ್ಮರಣ ಸಂಚಿಕೆ, 96 ಪುಟ, ಪೇಜ್‌ಮೇಕರ್ ಫೈಲು ಸಿಡಿಯಲ್ಲಿ ಉಳಿದಿತ್ತು. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಗೊತ್ತಾಗುವ ಅಕ್ಷರ ಪದ್ಧತಿ) ಮಾಡಿಕೊಡಿ, ವೆಬ್‌ಸೈಟಿಗೆ ಹಾಕುತ್ತೇವೆ ಅಂದರು. ಹಳೆಯ ನುಡಿ ಫಾಂಟಿನಿಂದ ಯೂನಿಕೋಡಿಗೆ ಬದಲಿಸುವ, ಕೋಡನ್ನು ಎಲ್ಲರಿಗೂ ತೆರೆದಿಟ್ಟಿರುವ ಒಂದು ಓಪನ್ ಸೋರ್ಸ್ ಕನ್ವರ್ಟರ್ ಇದೆ (ಹೆಸರು ಬೇಡ). ನಾಲ್ಕು ವರ್ಷದಿಂದ ಬಳಸುತ್ತಿದ್ದೇನೆ, ಚೆನ್ನಾಗಿದೆ. 34ನೇ ಪುಟದ ತನಕ ಬೆಣ್ಣೆ ಹಾಗೆ ಬಂತು. 35ರಿಂದ ಪೂರ್ತಿ ಕಲಸುಮೇಲೋಗರ. ಅಕ್ಷರ ಕನ್ನಡದ್ದೇ, ಪದ ಮಾತ್ರ ಯಾವ ಭಾಷೆಯದ್ದೂ ಅಲ್ಲ.

ತೊಂದರೆ ಇದ್ದರೆ ಅದರ ಕೋಡ್ ಇಟ್ಟಿರುವ ಗಿಟ್‌ಹಬ್ ಸೈಟಿನಲ್ಲಿ ಹೇಳಬೇಕು ಅಂತ ಗೊತ್ತಾಯಿತು. ಅದಕ್ಕೇ ಅಂತ ಅಕೌಂಟ್ ಮಾಡಿದೆ. "ಕನ್ವರ್ಟರ್ ಕೆಲಸ ಮಾಡುತ್ತಿಲ್ಲ, ಅರ್ಜೆಂಟ್, ದಯವಿಟ್ಟು ಸರಿ ಮಾಡಿ" ಅಂತ ಬರೆದೆ. ಮೂರು ದಿನ ಬಿಟ್ಟು ಮತ್ತೆ ಕೇಳಿದೆ. ಹನ್ನೊಂದನೇ ದಿನ ಉತ್ತರ ಬಂತು. ಇಂಗ್ಲಿಷಿನಲ್ಲಿ ಎರಡೇ ಪದ: "ಪ್ಯಾಚಸ್ ವೆಲ್‌ಕಮ್". ಕೆಳಗೆ ಇಶ್ಯೂ, ಅಂದರೆ ನನ್ನ ದೂರು, ಕ್ಲೋಸ್.

ನನಗೆ ಗೊತ್ತಿರುವ ಪ್ಯಾಚ್ ಪಂಕ್ಚರ್ ಅಂಗಡಿಯದ್ದು. ಎಂಜಿನಿಯರಿಂಗ್ ಓದುವ ತಂಗಿ ಮಗನನ್ನು ಕೇಳಿದೆ. "ಮಾಮ, ನೀವೇ ಸರಿ ಮಾಡಿ ಕಳಿಸಿ ಅಂತಿದ್ದಾರೆ" ಅಂದ.

ನಾನು ಸರಿ ಮಾಡೋ ಹಾಗಿದ್ದರೆ ಅವರನ್ನು ಯಾಕೆ ಕೇಳುತ್ತಿದ್ದೆ? ದುಡ್ಡು ಕೇಳಿದ್ದರೆ ಕೊಡುತ್ತಿದ್ದೆ. ಜನರಿಗೆ ಅಂತ ಸಾಫ್ಟ್‌ವೇರ್ ಬಿಟ್ಟ ಮೇಲೆ ಒಂದು ಮಾತು ಆಡೋ ಜವಾಬ್ದಾರಿ ಇರಬೇಕಾ ಬೇಡವಾ? ನೀವೇ ಹೇಳಿ.

ಕರಾವಳಿ_ಕೋಡರ್

ಬೇಡ. ಲೈಸೆನ್ಸ್ ಓದಿ ಸರ್. ಎಂಐಟಿ ಇರಲಿ ಜಿಪಿಎಲ್ ಇರಲಿ, ದೊಡ್ಡಕ್ಷರದಲ್ಲಿ ಹಾಕಿರುತ್ತಾರೆ: ಇದ್ದದ್ದು ಇದ್ದ ಹಾಗೆ ಕೊಡುತ್ತಿದ್ದೇವೆ, ಯಾವ ಗ್ಯಾರಂಟಿಯೂ ಇಲ್ಲ.

ದಾವಣಗೆರೆ_ಡಿಟಿಪಿ

ಆ ಪ್ಯಾರಾ ಇಂಗ್ಲಿಷಿನಲ್ಲಿದೆ ಸರ್. ಕನ್ನಡದ ಕನ್ವರ್ಟರ್ ಬಳಸುವ ನನ್ನಂಥವನು ಓದುತ್ತಾನೆ ಅಂತ ಅಂದುಕೊಂಡಿದ್ದೀರಾ?

ಧಾರವಾಡ_ಪೇಡೆ

ಅಲ್ರೀ, ದಾನಕ್ಕೆ ಬಂದ ಎಮ್ಮೆಯ ಹಲ್ಲು ಹಿಡಿದು ನೋಡಿದರಂತೆ! ಪುಕ್ಕಟೆ ಸಿಕ್ಕಿದ್ದಕ್ಕೆ ಇಷ್ಟೊಂದು ತಕರಾರಾ?

ಲೈಬ್ರರಿ_ಮೇಡಂ

ಹಲ್ಲು ನೋಡಬಾರದು, ಸರಿ. ಆದರೆ ಎಮ್ಮೆ ದಾನ ಕೊಡೋರು "ಇದು ಹಾಯುತ್ತೆ ಕಣಪ್ಪಾ, ಹುಷಾರು" ಅಂತಾದರೂ ಹೇಳಬೇಕಲ್ವಾ?

ಧಾರವಾಡ_ಪೇಡೆ

ಹಹ್ಹ. ಅದೇ ರೀ ಆ ದೊಡ್ಡಕ್ಷರದ ಪ್ಯಾರಾ. ಹಾಯುತ್ತೆ ಅಂತಾನೇ ಬರೆದಿರೋದು.

ಮಲೆನಾಡ_ಮಳೆ

ಇನ್ನೊಂದು ಕಡೆಯಿಂದ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಕ್ಷಮಿಸಿ.

ನಾನೂ ಒಂದು ಕನ್ನಡ ಕೀಬೋರ್ಡ್ ಆ್ಯಪ್ ನೋಡಿಕೊಳ್ಳುತ್ತಿದ್ದೆ. ಒಬ್ಬನೇ. ಸಂಬಳದ ಕೆಲಸ ಬೇರೆ. ಶುರುವಿನಲ್ಲಿ ಬಳಸುವವರು ನೂರು ಜನ, ಎಲ್ಲರೂ ಒಳ್ಳೆಯವರು. ಸಾವಿರ ದಾಟಿದ ಮೇಲೆ ಗಾಳಿ ಬದಲಾಯಿತು. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್: "ಅಣ್ಣಾ ನಿಮ್ಮ ಆ್ಯಪ್ ಸರಿ ಇಲ್ಲ". ಏನು ಸರಿ ಇಲ್ಲ ಅಂತ ಕೇಳಿದರೆ ಎರಡು ದಿನ ಸುದ್ದಿ ಇಲ್ಲ. ಆಮೇಲೆ ಮತ್ತದೇ ಮಾತು, ಜೊತೆಗೆ ಮೂರು ಆಶ್ಚರ್ಯ ಚಿಹ್ನೆ.

ಎಲ್ಲಕ್ಕಿಂತ ಜಾಸ್ತಿ ಬಂದ ದೂರು "ರ‍್ಯಾಂಕ್" ಪದದ್ದು. ಸುಮ್ನೆ ಟೈಪ್ ಮಾಡಿದರೆ "ರ್ಯಾಂಕ್" ಅಂತ ಬರುತ್ತೆ, ಅಂದರೆ "ಕಾರ್ಯ"ದಲ್ಲಿ ಬರುವ ಅರ್ಕಾವೊತ್ತು. ಇದು ನನ್ನ ತಪ್ಪಲ್ಲ. ರ, ಹಲಂತ, ಯ ಮೂರೂ ಸಾಲಾಗಿ ಬಂದರೆ ಅರ್ಕಾವೊತ್ತು ಹಾಕಬೇಕು ಅಂತ ಯೂನಿಕೋಡಿನ ನಿಯಮವೇ ಇದೆ. ರ ಮೇಲೆ ಉಳಿದು ಯ ಒತ್ತಾಗಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಅಕ್ಷರ ಹಾಕಬೇಕು. ಅದಕ್ಕೆ ಬೇರೆ ಕೀಲಿ ಇಟ್ಟಿದ್ದೆ. ಸಹಾಯ ಪುಟದಲ್ಲಿ ಚಿತ್ರ ಹಾಕಿ ತೋರಿಸಿದ್ದೆ. ಆದರೂ ರಿವ್ಯೂ ಬಂತು: 1 ಸ್ಟಾರ್, "ಕನ್ನಡ ಬರದವರು ಕನ್ನಡ ಕೀಬೋರ್ಡ್ ಮಾಡಿದ್ದಾರೆ".

ಆವತ್ತು ರಾತ್ರಿ ಆ ಒಂದು ಸಾಲನ್ನು ಎಷ್ಟು ಸಲ ಓದಿದೆನೋ. ಹೆಂಡತಿ ಫೋನ್ ಕಿತ್ತಿಟ್ಟಳು. ಎರಡು ತಿಂಗಳು ಕೋಡ್ ಮುಟ್ಟಲಿಲ್ಲ. ಆಮೇಲೆ ಮುಟ್ಟಲು ಮನಸ್ಸೇ ಬರಲಿಲ್ಲ.

ದಾವಣಗೆರೆ ಸರ್, "ಪ್ಯಾಚಸ್ ವೆಲ್‌ಕಮ್" ಬರೆದವರು ನಿಮ್ಮ ಮೇಲೆ ಸಿಟ್ಟು ಮಾಡಿಕೊಂಡಿರಲಿಕ್ಕಿಲ್ಲ. ನಿಮಗಿಂತ ಮುಂಚೆ ಬಂದ ಮೂವತ್ತು ಜನರ ಲೆಕ್ಕ ನಿಮ್ಮ ತಲೆಗೆ ಬಂದಿದೆ.

ಲೈಬ್ರರಿ_ಮೇಡಂ

ಓದಿ ಬೇಜಾರಾಯಿತು. ಆದರೆ ಆ ಮೂವತ್ತು ಜನ ಯಾರು ಅಂತ ಇವರಿಗೆ ಹೇಗೆ ಗೊತ್ತಾಗಬೇಕು?

ಗೂಡಂಗಡಿ

ಆ ಕೀಬೋರ್ಡ್ ಇನ್ನೂ ಸಿಗುತ್ತಾ?

ಮಲೆನಾಡ_ಮಳೆ

ಇಲ್ಲ ಗುರು. ತೆಗೆದುಬಿಟ್ಟೆ. ಕೋಡ್ ಇದೆ, ಬೇಕಾದವರು ಮುಂದುವರಿಸಬಹುದು. ಇಲ್ಲಿಯ ತನಕ ಯಾರೂ ಬಂದಿಲ್ಲ.

ಕರಾವಳಿ_ಕೋಡರ್

ನೋಡಿ, ಇದೇ ಆಗೋದು. ಮಠದ ದಾಸೋಹದಲ್ಲಿ ಪಂಕ್ತಿಗೆ ಕೂತು "ಸಾರಿಗೆ ಉಪ್ಪು ಕಮ್ಮಿ" ಅಂತ ಕೂಗಾಡುವ ಜನ. ಬಡಿಸುವವರು ಸಂಬಳಕ್ಕೆ ಇರೋರಲ್ಲ.

ದಾವಣಗೆರೆ_ಡಿಟಿಪಿ

ದಾಸೋಹದಲ್ಲಿ ಉಪ್ಪು ಕಮ್ಮಿ ಅಂದರೆ ಬಡಿಸುವವರು ಉಪ್ಪಿನ ಬಟ್ಟಲು ತಂದುಕೊಡುತ್ತಾರೆ ಸರ್. "ಒಳಗೆ ಬಂದು ನೀನೇ ಅಡಿಗೆ ಮಾಡು" ಅನ್ನೋದಿಲ್ಲ.

ಗೂಡಂಗಡಿ

ಈ ಉತ್ತರಕ್ಕೆ ಒಂದು ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ದಾವಣಗೆರೆಯವರನ್ನು ಬೈಯುತ್ತಿರುವವರಿಗೆ ಒಂದು ಮಾತು. ಇವರು ಬಡಪಾಯಿ. ನಿಜವಾಗಿ ಬಿಟ್ಟಿ ಕೆಲಸ ಮಾಡಿಸಿಕೊಳ್ಳುವವರು ನಮ್ಮಂಥ ಕಂಪನಿಗಳು.

2021ರ ಡಿಸೆಂಬರ್ ನೆನಪಿದೆಯಾ? ಲಾಗ್4ಜೆಯ ಭದ್ರತಾ ತೂತು ಹೊರಬಿತ್ತು. ಜಾವಾ ಪ್ರೋಗ್ರಾಮುಗಳಲ್ಲಿ ಲಾಗ್ (ನಡೆದದ್ದರ ದಾಖಲೆ) ಬರೆಯೋಕೆ ಅರ್ಧ ಪ್ರಪಂಚ ಬಳಸುವ ಲೈಬ್ರರಿ, ನೋಡಿಕೊಳ್ಳುವವರು ಅಪಾಚೆ ಸಂಸ್ಥೆಯ ಬೆರಳೆಣಿಕೆಯ ಸ್ವಯಂಸೇವಕರು. ಒಂದೇ ತಿಂಗಳಲ್ಲಿ 2.15.0, 2.16.0, 2.17.0, 2.17.1 ಅಂತ ನಾಲ್ಕು ಬಿಡುಗಡೆ ಮಾಡಿದರು. ನಮ್ಮ ಆಫೀಸಿನಲ್ಲಿ (ಹೆಸರು ಕೇಳಬೇಡಿ) ಆ ಶನಿವಾರ ಎಲ್ಲರೂ ಕಾಲ್‌ನಲ್ಲಿ. ಲಾಗ್4ಜೆ ನಮ್ಮಲ್ಲಿ ಎಲ್ಲೆಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲ. ಅಷ್ಟರಲ್ಲಿ ಮ್ಯಾನೇಜರ್ ಕೇಳಿದರು: "ಅವರ ಸಪೋರ್ಟ್ ಟೀಮಿಗೆ ಟಿಕೆಟ್ ಹಾಕಿದ್ದೀರಾ? ಎಸ್‌ಎಲ್‌ಎ (ಎಷ್ಟು ಹೊತ್ತಿನಲ್ಲಿ ಸರಿ ಮಾಡುತ್ತಾರೆ ಅನ್ನೋ ಕರಾರು) ಎಷ್ಟಂತೆ?"

ಕಾಲ್‌ನಲ್ಲಿ ನಲವತ್ತು ಜನ ಇದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ. ಕೊನೆಗೆ ಒಬ್ಬ ಹುಡುಗ ಮ್ಯೂಟ್ ತೆಗೆದು "ಸರ್, ಸಪೋರ್ಟ್ ಟೀಮ್ ಅಂದರೆ ನಾವೇ" ಅಂದ.

ಕರಾವಳಿ_ಕೋಡರ್

2024ರಲ್ಲಿ ವಿಡಿಯೊ, ಆಡಿಯೊ ಕೆಲಸದ ಓಪನ್ ಸೋರ್ಸ್ ಸಾಧನ ಎಫ್‌ಎಫ್‌ಎಂಪೆಗ್‌ನವರಿಗೂ ಹೀಗೇ ಆಯಿತಲ್ಲ. ಮೈಕ್ರೋಸಾಫ್ಟ್ ಟೀಮ್ಸ್‌ನ ಎಂಜಿನಿಯರ್ ಒಬ್ಬರು ಬಂದು ಇದು ನಮ್ಮ ಪ್ರಾಡಕ್ಟಿಗೆ ಬೇಕು, ಅರ್ಜೆಂಟ್ ಅಂತ ಟಿಕೆಟ್ ಹಾಕಿದರು. ಸಪೋರ್ಟ್ ಕಾಂಟ್ರ್ಯಾಕ್ಟ್ ಮಾಡಿಕೊಳ್ಳಿ ಅಂದಿದ್ದಕ್ಕೆ ಒಂದು ಸಲಕ್ಕೆ ಕೆಲವು ಸಾವಿರ ಡಾಲರ್ ಕೊಡುತ್ತೇವೆ ಅಂದರಂತೆ. ಎಫ್‌ಎಫ್‌ಎಂಪೆಗ್‌ನವರು ಇದನ್ನು ಎಕ್ಸ್‌ನಲ್ಲಿ ಹಾಕಿ ಮಾನ ಕಳೆದರು.

ಬರ್ಲಿನ್_ಬಿಸಿಬೇಳೆ

ಇಂಟರ್ನೆಟ್ಟಿನಲ್ಲಿ ಡೇಟಾ ತರಿಸುವ, ಕಳಿಸುವ ಕರ್ಲ್ ಅನ್ನೋ ಸಾಧನ ಮಾಡಿದ ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ ಕತೆ ಇನ್ನೂ ಮಜಾ. 1998ರಿಂದ ಆ ಪ್ರಾಜೆಕ್ಟ್ ನಡೆಸುತ್ತಿದ್ದಾರೆ. ಕರ್ಲ್ ಕಾರುಗಳ ಸ್ಕ್ರೀನಿನೊಳಗೂ ಇದೆ. ಲೈಸೆನ್ಸ್ ಪ್ರಕಾರ ಹೆಸರು, ಇಮೇಲ್ ಹಾಕಲೇಬೇಕು. ಹಾಗಾಗಿ ಕಾರಿನಲ್ಲಿ ಏನಾದರೂ ಕೆಟ್ಟರೆ ಮೆನು ಒಳಗೆ ಹುಡುಕಿ ಹುಡುಕಿ ಇವರ ವಿಳಾಸ ಹಿಡಿದು ಬರೆಯುತ್ತಾರೆ ಜನ. ಅಂಥ ಪತ್ರಗಳನ್ನು ಅವರು ತಮ್ಮ ಬ್ಲಾಗಿನಲ್ಲೇ ಹಾಕಿದ್ದಾರೆ.

ಗೂಡಂಗಡಿ

ನಮ್ಮ ಮಿಕ್ಸಿ ಕೆಟ್ಟಿದೆ. ಅವರ ಇಮೇಲ್ ಕೊಡಿ.

ತುಮಕೂರು_ತಟ್ಟೆಇಡ್ಲಿ

ಕನ್ನಡ ಟೈಪ್ ಮಾಡುವ "ಬರಹ" ಸಾಫ್ಟ್‌ವೇರಿನಲ್ಲಿ ಹೀಗೆಲ್ಲ ಆಗುತ್ತಿರಲಿಲ್ಲ. ಅದೂ ಓಪನ್ ಸೋರ್ಸೇ ಅಲ್ವಾ?

ಮಲೆನಾಡ_ಮಳೆ

ಅಲ್ಲ. ಬರಹ ತುಂಬ ವರ್ಷ ಉಚಿತವಾಗಿ ಸಿಗುತ್ತಿತ್ತು, ಸೋರ್ಸ್ ತೆರೆದಿರಲಿಲ್ಲ. ಇಂಗ್ಲಿಷಿನವರಿಗೆ ಎರಡಕ್ಕೂ "ಫ್ರೀ" ಒಂದೇ ಪದ, ಅದಕ್ಕೆ ಒದ್ದಾಡುತ್ತಾರೆ. ನಮ್ಮಲ್ಲಿ "ಉಚಿತ" ಬೇರೆ, "ಮುಕ್ತ" ಬೇರೆ. ಪದ ಎರಡಿದ್ದರೂ ನಾವು ಯಾಕೆ ಗೊಂದಲ ಮಾಡಿಕೊಳ್ಳುತ್ತೇವೋ.

ಧಾರವಾಡ_ಪೇಡೆ

ಮೂರನೇ ಪದ ಮರೆತಿರಿ. "ಬಿಟ್ಟಿ". ಜನ ಬಳಸೋದು ಅದನ್ನೇ.

ತುಮಕೂರು_ತಟ್ಟೆಇಡ್ಲಿ

ಸರಿ ಸರಿ, ತಿದ್ದಿದ್ದಕ್ಕೆ ಥ್ಯಾಂಕ್ಸ್. ಆದರೂ ಒಂದು ಪ್ರಶ್ನೆ. ದಾವಣಗೆರೆ ಸರ್ ದುಡ್ಡು ಕೊಡಲು ತಯಾರಿದ್ದಾರೆ. ಒಂದು ಐನೂರು ತಗೊಂಡು ಮಾಡಿಕೊಟ್ಟರೆ ಏನು ಕಷ್ಟ?

ಮಲೆನಾಡ_ಮಳೆ

ಐನೂರು ತಗೊಂಡ ಕ್ಷಣ ಅದು ಕೂಲಿ ಆಗುತ್ತೆ. ಅದೂ ತೀರಾ ಕಮ್ಮಿ ಕೂಲಿ. ನನಗೆ ಬೇಕಿದ್ದದ್ದು ದುಡ್ಡಲ್ಲ, ಭಾನುವಾರ.

ಸಿಲ್ಕ್‌ಬೋರ್ಡ್_ಸಂತ್ರಸ್ತ

ದುಡ್ಡೂ ಬೇಕು ಸರ್, ಸುಮ್ನೆ ಹೇಳಬೇಡಿ. 2014ರ ಹಾರ್ಟ್‌ಬ್ಲೀಡ್ ಅನ್ನೋ ಭದ್ರತಾ ತೂತು ನೋಡಿ. ಅದು ಇದ್ದದ್ದು ಇಂಟರ್ನೆಟ್ಟಿನ ಎಷ್ಟೋ ಬ್ಯಾಂಕು, ಅಂಗಡಿ, ಇಮೇಲಿಗೆ ಬೀಗ ಹಾಕುತ್ತಿದ್ದ ಓಪನ್‌ಎಸ್‌ಎಸ್‌ಎಲ್ ಅನ್ನೋ ಓಪನ್ ಸೋರ್ಸ್ ಲೈಬ್ರರಿಯಲ್ಲಿ. ಅದಕ್ಕೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2,000 ಡಾಲರ್. ನೋಡಿಕೊಳ್ಳುವವನು ಒಬ್ಬನೇ ಒಬ್ಬ.

ಬರ್ಲಿನ್_ಬಿಸಿಬೇಳೆ

ಸಣ್ಣ ತಿದ್ದುಪಡಿ. ಪೂರ್ಣಾವಧಿ ಕೆಲಸಕ್ಕೆ ಒಬ್ಬರು, ಜೊತೆಗೆ ಬಿಡುವಾದಾಗ ಕೈಜೋಡಿಸುವ ಕೆಲವರು. ತೂತು ಕಂಡ ಮೇಲೆಯೇ ದೊಡ್ಡ ಕಂಪನಿಗಳು ಲಿನಕ್ಸ್ ಫೌಂಡೇಶನ್ ಮೂಲಕ ಹಣ ಒಟ್ಟುಮಾಡಿದ್ದು.

ಸಿಲ್ಕ್‌ಬೋರ್ಡ್_ಸಂತ್ರಸ್ತ

ಒಪ್ಪಿದೆ. ನಮ್ಮ ಊರಲ್ಲೂ ಒಂದು ಒಳ್ಳೆಯ ಕೆಲಸ ಆಗಿದೆ. ಬೆಂಗಳೂರಿನ ಷೇರು ವಹಿವಾಟಿನ ಕಂಪನಿ ಝೆರೋಧಾದವರು 2024ರ ಅಕ್ಟೋಬರಿನಲ್ಲಿ ಫ್ಲಾಸ್ ಫಂಡ್ ಅಂತ ಶುರು ಮಾಡಿದರು. ಪ್ರಪಂಚದ ಎಲ್ಲಿಯ ಓಪನ್ ಸೋರ್ಸ್ ಪ್ರಾಜೆಕ್ಟಿಗಾದರೂ ಸರಿ, ವರ್ಷಕ್ಕೆ ಒಟ್ಟು 10 ಲಕ್ಷ ಡಾಲರ್ ತನಕ.

ಲೈಬ್ರರಿ_ಮೇಡಂ

ಒಳ್ಳೆಯದೇ. ಆದರೆ ಒಬ್ಬರೇ ರಾತ್ರಿ ಕೂತು ಮಾಡುವ ಕನ್ನಡದ ಕನ್ವರ್ಟರ್ ಅಂಥ ಸಾಲಿನಲ್ಲಿ ನಿಲ್ಲುವುದು ಯಾವಾಗ? ಕನ್ನಡದ ಮುಕ್ತ ಫಾಂಟುಗಳಾದ ಗುಬ್ಬಿ, ನವಿಲು ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ತನಕ ಹೋಗಿವೆ. ಎಷ್ಟು ಕನ್ನಡದ ಕಾರ್ಯಕ್ರಮದಲ್ಲಿ ಆ ಹೆಸರು ಕೇಳಿದ್ದೀರಿ? ನಾವು ಸನ್ಮಾನಕ್ಕೆ ಶಾಲು ತರುತ್ತೇವೆ, ಅದನ್ನೂ ರಾಜಕಾರಣಿಗೆ ಹೊದಿಸುತ್ತೇವೆ.

ಗೂಡಂಗಡಿ

ವಿಷಯ ಎಲ್ಲಿಗೋ ಹೋಯಿತು.

ಬರ್ಲಿನ್_ಬಿಸಿಬೇಳೆ

ವಾಪಸ್ ತರುತ್ತೇನೆ. "ಒಂದು ಮಾತು ಆಡೋ ಜವಾಬ್ದಾರಿ" ಅಂದರಲ್ಲ ದಾವಣಗೆರೆಯವರು, ಆ ಒತ್ತಾಯ ಎಲ್ಲಿ ಮುಟ್ಟಬಹುದು ಅನ್ನೋದಕ್ಕೆ ಎಕ್ಸ್‌ಝಡ್ ಕತೆ ಕೇಳಿ.

ಎಕ್ಸ್‌ಝಡ್ ಅಂದರೆ ಫೈಲು ಕುಗ್ಗಿಸುವ ಸಾಧನ, ಹೆಚ್ಚುಕಡಿಮೆ ಎಲ್ಲ ಲಿನಕ್ಸ್‌ನಲ್ಲೂ ಇದೆ. ನೋಡಿಕೊಳ್ಳುತ್ತಿದ್ದವರು ಫಿನ್ಲೆಂಡಿನ ಲಾಸೆ ಕಾಲಿನ್, ಒಬ್ಬರೇ. 2022ರಲ್ಲಿ ಯಾರೋ ಮೇಲಿಂದ ಮೇಲೆ ಬರೆಯತೊಡಗಿದರು: ಯಾಕಿಷ್ಟು ನಿಧಾನ, ನಿಮಗೆ ಆಸಕ್ತಿ ಇಲ್ಲ, ಬೇರೆಯವರಿಗೆ ಬಿಟ್ಟುಕೊಡಿ. ಅವರು ತಮ್ಮ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಸಂಬಳವಿಲ್ಲದ ಹವ್ಯಾಸದ ಕೆಲಸ ಅಂತ ಬಿಡಿಸಿ ಹೇಳಿದರು. ಒತ್ತಾಯ ನಿಲ್ಲಲಿಲ್ಲ. ಆ ಹೊತ್ತಿಗೆ ಜಿಯಾ ಟಾನ್ ಅನ್ನೋ ಹೆಸರಿನವನು ಪಕ್ಕದಲ್ಲೇ ಇದ್ದ. ಒಳ್ಳೆಯ ಪ್ಯಾಚ್ ಕಳಿಸುತ್ತಿದ್ದ, ವಿನಯವಂತ. ನಿಧಾನಕ್ಕೆ ಕೀಲಿಕೈ ಅವನ ಕೈಗೆ ಹೋಯಿತು. 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಯಲ್ಲಿ ಹಿಂಬಾಗಿಲು, ಅಂದರೆ ಕದ್ದು ಒಳನುಗ್ಗುವ ದಾರಿ, ಇಟ್ಟ. ಒತ್ತಾಯ ಮಾಡಿದ ಆ ಖಾತೆಗಳೂ ನಕಲಿ ಅಂತಲೇ ಎಲ್ಲರ ಅನುಮಾನ.

ಸಿಕ್ಕಿಬಿದ್ದದ್ದು ಹೇಗೆ ಗೊತ್ತಾ? ಪೋಸ್ಟ್‌ಗ್ರೆಸ್ ಡೇಟಾಬೇಸಿನ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್‌ಗೆ ಎಸ್‌ಎಸ್‌ಎಚ್ (ದೂರದ ಕಂಪ್ಯೂಟರಿಗೆ ಹೋಗುವ ದಾರಿ) ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಅನ್ನಿಸಿತು. ಬೆನ್ನು ಹತ್ತಿದರು. ಮಾರ್ಚ್ 29ರಂದು ಬಯಲಿಗೆ ತಂದರು. ಅರ್ಧ ಸೆಕೆಂಡು! ನಾನಾಗಿದ್ದರೆ ಕಾಫಿ ತರೋಕೆ ಎದ್ದು ಹೋಗುತ್ತಿದ್ದೆ.

ತುಮಕೂರು_ತಟ್ಟೆಇಡ್ಲಿ

ಅಯ್ಯೋ, ಇದು ಪತ್ತೇದಾರಿ ಕಾದಂಬರಿ ಇದ್ದ ಹಾಗಿದೆ.

ದಾವಣಗೆರೆ_ಡಿಟಿಪಿ

ಓದಿದೆ ಸರ್. ಭಯ ಆಯಿತು. ಆದರೆ ನಾನು ಎರಡು ಸಲ ಕೇಳಿದ್ದು, "ದಯವಿಟ್ಟು" ಅಂತ ಹಾಕಿ. ನನ್ನನ್ನು ಆ ಕಳ್ಳರ ಜೊತೆ ಸೇರಿಸಬೇಡಿ.

ಬರ್ಲಿನ್_ಬಿಸಿಬೇಳೆ

ಛೆ ಛೆ, ಹಾಗಲ್ಲ ಸರ್. ತಪ್ಪಾಗಿ ಕೇಳಿಸಿದ್ದರೆ ಕ್ಷಮಿಸಿ. ಇನ್‌ಬಾಕ್ಸಿನಲ್ಲಿ ನೋಡುವವನಿಗೆ ಎರಡೂ ಒಂದೇ ಥರ ಕಾಣುತ್ತೆ ಅಂತ ಹೇಳಹೊರಟೆ.

ಗುರುವಾರದ_ಕೋಡು · ಭಾನುವಾರ ಬೆಳಗ್ಗೆ 7:50

ಆ ಎರಡು ಪದ ಬರೆದವನು ನಾನೇ.

ಯಾರೋ ಈ ಚರ್ಚೆಯ ಕೊಂಡಿ ಕಳಿಸಿದರು. ಮೊದಲಿಂದ ಓದಿದೆ. ಸಬೂಬು ಹೇಳೋಕೆ ಬಂದಿಲ್ಲ. ಆವತ್ತು ಹನ್ನೆರಡೂವರೆ ದಾಟಿತ್ತು. ತೆರೆದಿದ್ದ ಹದಿನೇಳು ಇಶ್ಯೂಗಳಲ್ಲಿ ಆರರಲ್ಲಿ "ಕೆಲಸ ಮಾಡುತ್ತಿಲ್ಲ" ಅಂತ ಮಾತ್ರ ಇತ್ತು. ಆರಕ್ಕೂ ಅದೇ ಉತ್ತರ ಅಂಟಿಸಿ ಮುಚ್ಚಿದೆ. ನಿಮ್ಮ ಹೆಸರೂ ನೋಡಿರಲಿಲ್ಲ ಸರ್. ಕನ್ನಡದಲ್ಲಿ ಕೇಳಿದವರಿಗೆ ಇಂಗ್ಲಿಷಿನಲ್ಲಿ ಉತ್ತರ ಅಂಟಿಸಿದ್ದಕ್ಕೆ ನಾಚಿಕೆ ಆಗುತ್ತಿದೆ.

ಹಾಗಂತ ಮುಂದೆ ಎಲ್ಲ ಇಶ್ಯೂಗೂ ಉತ್ತರ ಕೊಡುತ್ತೇನೆ ಅಂತ ಮಾತು ಕೊಡಲಾರೆ. ಈ ಕನ್ವರ್ಟರಿಗೆ ನನ್ನ ಹತ್ತಿರ ಇರೋದು ವಾರಕ್ಕೆ ಒಂದು ರಾತ್ರಿ. ಅದನ್ನು ಈಗ ಕನ್ವರ್ಟರಿನ ಪರಿಚಯ ಪುಟ ರೀಡ್‌ಮಿಯ ಮೊದಲ ಸಾಲಿನಲ್ಲೇ ಕನ್ನಡದಲ್ಲಿ ಹಾಕಿದ್ದೇನೆ: "ಒಬ್ಬನೇ ನೋಡಿಕೊಳ್ಳುತ್ತಿದ್ದೇನೆ, ಗುರುವಾರ ರಾತ್ರಿ ಮಾತ್ರ."

ಈಗ ಒಂದು ಪ್ರಶ್ನೆ. ಇದನ್ನು ಆವತ್ತೇ ಕೇಳಬೇಕಿತ್ತು. 35ನೇ ಪುಟದಲ್ಲಿ ಯಾವ ಫಾಂಟ್ ಇದೆ?

ದಾವಣಗೆರೆ_ಡಿಟಿಪಿ

ನುಡಿಯೇ ಇರಬೇಕಲ್ವಾ ಸರ್? ಒಂದೇ ಪುಸ್ತಕ.

ಗುರುವಾರದ_ಕೋಡು

ಪೇಜ್‌ಮೇಕರ್‌ನಲ್ಲಿ ಆ ಪುಟ ತೆರೆದು ಒಂದು ಸಾಲು ಸೆಲೆಕ್ಟ್ ಮಾಡಿ ಫಾಂಟ್ ಹೆಸರು ನೋಡಿ. ಹಳೆಯ ಫಾಂಟುಗಳಲ್ಲಿ ಕನ್ನಡ ಅಕ್ಷರ ಅಂತ ಕಂಪ್ಯೂಟರಿಗೆ ಗೊತ್ತೇ ಇರೋದಿಲ್ಲ. ಅದರ ಲೆಕ್ಕದಲ್ಲಿ ಅಲ್ಲಿರೋದು ಇಂಗ್ಲಿಷ್ ಅಕ್ಷರ, ಮೇಲೆ ಕನ್ನಡದ ಮುಖವಾಡ. ನುಡಿಯ "ಕ" ಫಾಂಟ್ ತೆಗೆದರೆ ಇಂಗ್ಲಿಷಿನ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರುವ ಎ. ಬೇರೆ ಕಂಪನಿಯ ಫಾಂಟಿನಲ್ಲಿ ಅದೇ ಪಿ ಜಾಗದಲ್ಲಿ ಬೇರೆ ಯಾವುದೋ ಅಕ್ಷರ ಕೂತಿರುತ್ತೆ. ನನ್ನ ಕನ್ವರ್ಟರಿಗೆ ಗೊತ್ತಿರೋದು ನುಡಿ ಮುಖವಾಡ ಒಂದೇ.

ದಾವಣಗೆರೆ_ಡಿಟಿಪಿ · ಭಾನುವಾರ ಬೆಳಗ್ಗೆ 10:32

ಅಂಗಡಿಗೆ ಹೋಗಿ ಬೀಗ ತೆಗೆದು ನೋಡಿದೆ. 34ರ ತನಕ ನುಡಿ. 35ರಿಂದ "ಶ್ರೀ-ಕನ್" ಅಂತ ಶುರುವಾಗುವ ಹೆಸರು, ಮುಂದೆ ನಂಬರು. ಶ್ರೀಲಿಪಿ, ಬೇರೆ ಕಂಪನಿಯ ಫಾಂಟು! ಶಾಲೆಯ ಹಳೇ ಮೇಷ್ಟ್ರಿಗೆ ಫೋನ್ ಮಾಡಿದೆ. ಆಗ ಕೆಲಸ ಅರ್ಜೆಂಟ್ ಇತ್ತು, ಅರ್ಧ ಒಂದು ಅಂಗಡಿಗೆ, ಅರ್ಧ ಇನ್ನೊಂದು ಅಂಗಡಿಗೆ ಕೊಟ್ಟಿದ್ದೆವು ಅಂದರು.

22 ವರ್ಷ ಇದೇ ಕೆಲಸ ಮಾಡಿ ಫಾಂಟ್ ನೋಡಲಿಲ್ಲವಲ್ಲ ನಾನು.

ಧಾರವಾಡ_ಪೇಡೆ

ಎಮ್ಮೆ ತಪ್ಪಿಲ್ಲ ಬಿಡ್ರಿ.

ಕರಾವಳಿ_ಕೋಡರ್

ಬಗ್ ಇರಲೇ ಇಲ್ಲ. ನಾನು ಮೊದಲೇ ಹೇಳಿದೆ.

ಲೈಬ್ರರಿ_ಮೇಡಂ

ನೀವು ಹೇಳಿದ್ದು ಲೈಸೆನ್ಸ್ ಓದಿ ಅಂತ. ಫಾಂಟ್ ಯಾವುದು ಅಂತ ನಮ್ಮಲ್ಲಿ ಒಬ್ಬರಾದರೂ ಕೇಳಿದೆವಾ? ರಾತ್ರಿಯಿಡೀ ಹಾರ್ಟ್‌ಬ್ಲೀಡ್, ಎಮ್ಮೆ, ದಾಸೋಹ.

ಗುರುವಾರದ_ಕೋಡು

ಶ್ರೀಲಿಪಿಯ ಪಟ್ಟಿ ನನ್ನ ಹತ್ತಿರ ಇಲ್ಲ. ಆದರೆ ಮಾಡಬಹುದು. ಆ ಫಾಂಟಿನ ಹತ್ತು ಪುಟ, ಅದನ್ನೇ ಯೂನಿಕೋಡಿನಲ್ಲಿ ಯಾರಾದರೂ ತಪ್ಪಿಲ್ಲದೆ ಟೈಪ್ ಮಾಡಿದ ಪ್ರತಿ, ಎರಡೂ ಪಕ್ಕಪಕ್ಕ ಸಿಕ್ಕರೆ ಯಾವ ಚಿಹ್ನೆಗೆ ಯಾವ ಅಕ್ಷರ ಅಂತ ಕೂಡಿಸಬಹುದು. ಒತ್ತಕ್ಷರ ಜಾಸ್ತಿ ಇರುವ ಪುಟಗಳನ್ನೇ ಆರಿಸಿ. ಮಗಳ ಪರೀಕ್ಷೆ ಮುಗಿಯುವ ತನಕ ಕೂರೋಕೆ ಆಗೋದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ದಾವಣಗೆರೆ_ಡಿಟಿಪಿ

ಟೈಪಿಂಗ್ ತಾನೇ ಸರ್? ಅದು ನಮ್ಮ ಅಂಗಡಿಯ ಕೆಲಸ. ನಮ್ಮ ಹುಡುಗಿ ಬುಧವಾರದೊಳಗೆ ಹತ್ತಲ್ಲ, ಇಪ್ಪತ್ತು ಪುಟ ಹೊಡೆದುಕೊಡುತ್ತಾಳೆ. ಶಾಲೆಯವರಿಗೆ ತಡವಾಗುತ್ತೆ ಅಂತ ನಾನೇ ಹೇಳುತ್ತೇನೆ. ಈ ಸಲ ಇಶ್ಯೂನಲ್ಲಿ ಏನೇನು ಬರೆಯಬೇಕು ಅಂತ ಹೇಳಿಬಿಡಿ.

ಗುರುವಾರದ_ಕೋಡು

ಫಾಂಟ್ ಹೆಸರು, ಪುಟದ ನಂಬರು, ಬರಬೇಕಾದ ಪದ, ಬಂದ ಪದ. ಅಷ್ಟೇ. "ಅರ್ಜೆಂಟ್" ಬೇಡ.

ಮಲೆನಾಡ_ಮಳೆ

ಪಟ್ಟಿ ಕೂಡಿಸುವಾಗ ನಾನೂ ಬರುತ್ತೇನೆ. ಒತ್ತಕ್ಷರದ ಕಡೆ ನೋಡಿಕೊಳ್ಳುತ್ತೇನೆ. ದಾವಣಗೆರೆ ಸರ್, ಆ ಸಂಚಿಕೆಯಲ್ಲಿ ಎಸ್ಸೆಸ್ಸೆಲ್ಸಿ ರ‍್ಯಾಂಕ್ ಬಂದವರ ಪಟ್ಟಿ ಏನಾದರೂ ಇದೆಯಾ?

ದಾವಣಗೆರೆ_ಡಿಟಿಪಿ

ಇದೆ, 61ನೇ ಪುಟದಿಂದ. ನಾಲ್ಕು ಪುಟ. ಯಾಕೆ ಸರ್?